ಕಾರು ಎದ್ದ ದಿನ

ಅಪ್ಪ ಒಂದು ಕಾರಿಗೋಸ್ಕರ ನಮ್ಮ ಹಿತ್ತಲ ಗೋಡೆ ಒಡೆಸಿದ. ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಮಗಳ ಮದುವೆಯ ಹಂದರಕ್ಕೂ ಯಾರೂ ಗೋಡೆ ಮುಟ್ಟಿದವರಲ್ಲ. ಎರಡು ಜೋಡಿ ಎತ್ತು ಹೂಡಿ ಎಳೆದು ತಂದ ಆ ಕಾರು ಬೇವಿನ ಮರದ ಕೆಳಗೆ ಬಂದು ನಿಂತಾಗ ಅವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಸಂತೆಯಲ್ಲಿ ಮುದಿ ಎಮ್ಮೆ ನೋಡುವವರ ಹಾಗೆ ಅದರ ಸುತ್ತ ಒಂದು ಸಲ ತಿರುಗಿ ಬಂದಳು.

"ಇದಕ್ಕ ಗೋಡಿ ಒಡಿಸಿದ್ರೇನ್ರಿ? ಇದರ ಬದ್ಲಿ ಒಂದು ಎಮ್ಮಿ ತಂದಿದ್ರ ಮಕ್ಳು ಮೊಸರರ ಉಣ್ತಿದ್ವು."

ಅವ್ವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸಿರುಗುಪ್ಪದ ಗೌಡರ ತಂದೆ ಅದನ್ನು ಮದರಾಸಿನಿಂದ ತಂದಾಗ ನಾಲ್ಕು ಬಾಗಿಲು, ಗಟ್ಟಿ ತಗಡಿನ ಮಾಡು, ತೊಗಲಿನ ಸೀಟು, ಮುಂದೆ ಬೆಳ್ಳಿಯಂತೆ ಹೊಳೆಯುವ ಜಾಲರಿ ಇದ್ದ ದೊಡ್ಡ ಕಾರಂತೆ. ಎರಡನೆಯ ಮಹಾಯುದ್ಧ ಬಂದು ಪೆಟ್ರೋಲಿಗೆ ಕೂಪನ್ನು ಶುರುವಾದ ಮೇಲೆ ಅದರ ಬೆನ್ನು ಕತ್ತರಿಸಿ ಇದ್ದಲಿ ಉರಿಸುವ ಡ್ರಮ್ಮು ಕೂರಿಸಿದರು. ಇದ್ದಲಿ ಹೊಗೆಯಿಂದ ಓಡುವ ಮೋಟಾರು ಆಗ ನಮ್ಮ ಕಡೆ ಹೊಸದೇನಲ್ಲ. ಆಮೇಲೆ ಹಿಂದಿನ ಸೀಟು ಕಿತ್ತು ಭತ್ತದ ಚೀಲ ಹೇರಿದರು. ಒಡೆದ ಗಾಜಿನ ಜಾಗಕ್ಕೆ ಗೋಣಿತಟ್ಟು ಬಂತು. ಬಾಂಬಿನ ವಿಮಾನಗಳ ಹೆದರಿಕೆಗೆ ದೀಪಗಳಿಗೆ ಅರ್ಧಕ್ಕೆ ಕರಿ ಬಣ್ಣ ಬಳಿದರು. ಯುದ್ಧ ಮುಗಿದು ಮೂರ್ನಾಲ್ಕು ವರ್ಷ ಕಣದ ಮೂಲೆಯಲ್ಲಿ ಬಿದ್ದಿದ್ದು ನಮ್ಮ ಹಿತ್ತಲಿಗೆ ಬಂದಾಗ ಡ್ರೈವರ್ ಕೂರುವ ಜಾಗದಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಗೌಡರ ಮಗಳ ಮದುವೆ ಕಾರ್ತಿಕದಲ್ಲಿ ನಿಶ್ಚಯವಾಗಿತ್ತು. ಅವಳು ಅಜ್ಜನ ಕಾರಿನಲ್ಲೇ ಗಂಡನ ಮನೆಗೆ ಹೋಗಬೇಕೆಂದು ಗೌಡರ ಹಟ. ನಮ್ಮ ಪಡಸಾಲೆಯ ಕಂಬಳಿಯ ಮೇಲೆ ಕೂತು, ಅಪ್ಪನ ಕೈಗೆ ಒಂದು ಹಳೆಯ ಫೋಟೋ ಕೊಟ್ಟು ಅವರು ಹೇಳಿದ್ದು ಇಷ್ಟು:

"ನೋಡು ಮಾನಪ್ಪ, ನಮ್ಮಪ್ಪ ತಂದಾಗ ಹೆಂಗಿತ್ತೋ ಹಂಗ ಆಗಬೇಕು. ಚಂದ ಮಾಡ್ತೀನಂತ ಏನೂ ಹೆಚ್ಚು ಮಾಡಬ್ಯಾಡ. ಇದ್ದದ್ದು ಏನೂ ಬಿಡಬ್ಯಾಡ."

"ಆತ್ರೀ ಗೌಡ್ರ. ಕಾರು ಎದ್ದು ನಿಮ್ಮ ಮನಿ ಮುಂದ ಬಂದು ನಿಂತ ಮ್ಯಾಲೆ ಮಾತಾಡೂಣು."

ನಾವು ಕಮ್ಮಾರರು. ಮನೆಯ ಮುಂಭಾಗ ಕುಲುಮೆ, ಅದನ್ನು ದಾಟಿದರೆ ಪಡಸಾಲೆ, ಅದರಾಚೆ ಅಡುಗೆಮನೆ, ಹಿಂದೆ ಹಿತ್ತಲು. ಅಜ್ಜನ ಕಾಲದಲ್ಲಿ ಬಂಡಿ ಗಾಲಿಗೆ ಪಟ್ಟಿ ಕಟ್ಟುವುದೇ ಕಸುಬು. ಅಪ್ಪ ಯುದ್ಧದ ವರ್ಷಗಳಲ್ಲಿ ಮಿಲಿಟರಿ ಲಾರಿಗಳ ರಿಪೇರಿಗೆ ಹೋಗಿ ಮೋಟಾರಿನ ಕೆಲಸ ಕಲಿತುಕೊಂಡು ಬಂದಿದ್ದ. ಓದಿದ್ದು ತೆಲುಗು ಸಾಲೆಯಲ್ಲಿ ಮೂರನೇ ಇಯತ್ತೆ, ಇಂಗ್ಲಿಷಿನ ಒಂದಕ್ಷರ ಬಾರದು. ಕುಲುಮೆಯ ನಡುವೆ ನೆಲದಲ್ಲಿ ಹೂತಿದ್ದ ಅಡಿಗಲ್ಲು, ಕಾದ ಕಬ್ಬಿಣ ಇಟ್ಟು ಬಡಿಯುವ ಆ ಕಬ್ಬಿಣದ ದಿಮ್ಮಿ, ನಮಗೆ ದೇವರು. ಅದರ ಮೇಲೆ ಅಂಗೈ ಇಟ್ಟು ಆಡಿದ ಮಾತನ್ನು ನಮ್ಮ ಮನೆತನದಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಅಜ್ಜ ಯಾವುದೋ ಸಿಟ್ಟಿನಲ್ಲಿ ಹಾಗೆ ಆಣೆಯಿಟ್ಟು, ಒಡಹುಟ್ಟಿದ ತಮ್ಮನ ಮದುವೆಯಲ್ಲಿ ಉಣ್ಣದೆ ಹೊರಗೆ ನಿಂತು ಬಂದಿದ್ದನಂತೆ. ಮಾತು ಕಳಚಲು ಇದ್ದದ್ದು ಒಂದೇ ದಾರಿ. ಸುಳ್ಳು ಕೇಳಿ ಆಡಿದ ಮಾತಾದರೆ, ನಿಜ ತಿಳಿದ ಕ್ಷಣಕ್ಕೆ ಅದು ತಾನಾಗಿ ಬಿದ್ದುಹೋಗುತ್ತಿತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ, ನಕ್ಕರೆ ನನಗೇನು ನಷ್ಟ? ಆ ಕಬ್ಬಿಣದ ಮುಂದೆ ಬೆಳೆದವಳು ನಾನು.

ಬೇಸಿಗೆಯಿಂದ ಮಳೆಗಾಲದ ತನಕ ಅಪ್ಪ ಆ ಕಾರನ್ನು ಬಿಚ್ಚಿದ. ಬಿಚ್ಚಿದ್ದೆಲ್ಲ ಮನೆಯೊಳಗೆ ಬಂತು. ಬಾಗಿಲುಗಳು ಜೋಳದ ಚೀಲಗಳಿಗೆ ಒರಗಿದವು, ದೀಪದ ಬುರುಡೆಗಳು ಗೂಡಿನಲ್ಲಿ ದೇವರ ಪಕ್ಕ ಕೂತವು, ಉಪ್ಪಿನಕಾಯಿ ಭರಣಿಯಲ್ಲಿ ನಟ್ಟು, ಅಂಬಲಿ ಗಡಿಗೆಯಲ್ಲಿ ಬೋಲ್ಟು. ರೊಟ್ಟಿ ಮುರಿದರೆ ತುಕ್ಕು ಬಿಡಿಸುವ ಸೀಮೆಎಣ್ಣೆಯ ವಾಸನೆ, ಪುಂಡಿಪಲ್ಯ ಹಚ್ಚಿಕೊಂಡರೆ ಸೀಮೆಎಣ್ಣೆ. ಅವ್ವ ದಿನಾ ಬಡಿಸುವಾಗ ಬೈಯುತ್ತಿದ್ದಳು, ಅಪ್ಪ ದಿನಾ ತಲೆಯೆತ್ತದೆ ಉಣ್ಣುತ್ತಿದ್ದ. ಬಣ್ಣ ಯಾವುದಿತ್ತೆಂದು ಫೋಟೋ ಹೇಳುತ್ತಿರಲಿಲ್ಲ. ಅಪ್ಪ ಬಾಗಿಲಿನ ಒಳಮೈಯಲ್ಲಿ, ಬಿಸಿಲು ಕಾಣದ ಜಾಗದಲ್ಲಿ, ಉಗುರಗಲ ಕೆರೆಯುತ್ತ ಹೋದ. ಕರಿ, ಅದರಡಿ ಮಣ್ಣಿನ ಬಣ್ಣ, ಅದರಡಿ ಇನ್ನೊಂದು ಕರಿ, ಕೊನೆಗೆ ಒಂದು ಪಾಚಿ ಹಸಿರು. ಅವತ್ತು ಅಪ್ಪ ಮಗು ಹುಟ್ಟಿದವನ ಹಾಗೆ ಓಣಿಗೆಲ್ಲ ಬೆಲ್ಲ ಹಂಚಿದ.

ಅಪ್ಪನಿಗೊಂದು ಪದ್ಧತಿಯಿತ್ತು. ಎಡಗಡೆಯ ಸಾಮಾನಿಗೆ ಕೆಮ್ಮಣ್ಣಿನ ಗುರುತು, ಬಲಗಡೆಯದಕ್ಕೆ ಸುಣ್ಣದ ಗುರುತು. ಎಂಜಿನ್ನಿಗೆ ಆರು ಕೋಣೆ, ಒಂದೊಂದು ಕೋಣೆಗೆ ಅದರ ಬಾಯಿ ತೆಗೆದು ಮುಚ್ಚುವ ಎರಡೆರಡು ವಾಲ್ವು. ಯಾವ ಕೋಣೆಯದು ಎಂಬುದಕ್ಕೆ ಒಂದರಿಂದ ಆರರ ತನಕ ಚುಕ್ಕೆ. ವರ್ಷಗಟ್ಟಲೆ ಒಂದೇ ಕಡೆ ಕೂತು ಸವೆದ ವಾಲ್ವು ತನ್ನ ಜಾಗ ಬಿಟ್ಟು ಬೇರೆಡೆ ಸರಿಯಾಗಿ ಕೂರುವುದಿಲ್ಲ. ಹೊಸದಾಗಿ ತಿಕ್ಕಿ ಕೂರಿಸೋಣವೆಂದರೆ ಆಗಲೇ ಅವು ತೆಳುವಾಗಿ ಹೋಗಿದ್ದವು. ಬೇರೆಯವು ಮದರಾಸಿನಲ್ಲೂ ಸಿಕ್ಕುತ್ತಿರಲಿಲ್ಲ. ಕಜ್ಜಾಯದ ಚಿಂತೆ ಬಿಟ್ಟು ಬೇರೆ ಚಿಂತೆಯಿಲ್ಲದ ಹತ್ತು ವರ್ಷದ ವಯಸ್ಸು ನನ್ನದು, ಆದರೂ ಅಪ್ಪ ಇದನ್ನೆಲ್ಲ ನನ್ನೊಬ್ಬಳಿಗೆ ಕೂರಿಸಿಕೊಂಡು ಹೇಳಿದ್ದ.

"ಲೇ ಶಾಂತಿ, ಈ ಗುರ್ತು ಹೋದ್ರ ನಾ ಹೋದಂಗ. ಯಾರೂ ಮುಟ್ಟದಂಗ ನೋಡ್ಕೊ."

ಈಗ ಕಾಳತ್ತೆಯ ವಿಷಯ ಹೇಳಬೇಕು. ಹೇಳಲೆಂದೇ ಇಷ್ಟು ದೂರ ಬಂದೆ. ಕಾಳಮ್ಮ ಅಪ್ಪನ ತಂಗಿ. ಕುರುಗೋಡಿಗೆ ಕೊಟ್ಟಿದ್ದರು. ಇಪ್ಪತ್ತು ತುಂಬುವುದರೊಳಗೆ ಗಂಡ ಸತ್ತ. ಅಲ್ಲಿಯ ಮೈದುನ ಅವಳನ್ನು ಮೇವಿನ ಕೋಣೆಯಲ್ಲಿ ಮಲಗಿಸಿದ, ಗಂಡನನ್ನು ನುಂಗಿದವಳು ಎಂದು ತನ್ನ ಮಕ್ಕಳ ಮುಖ ನೋಡಲು ಬಿಡಲಿಲ್ಲ, ಉಂಡು ಉಳಿದದ್ದನ್ನು ಹಾಕಿದ. ಒಂದು ವರ್ಷ ತಡೆದು, ಒಂದು ಗಂಟು ಹೊತ್ತು ನಡೆದುಕೊಂಡೇ ಬಳ್ಳಾರಿಗೆ ಬಂದಳಂತೆ. ಆಗ ನಾನು ನಾಲ್ಕು ವರ್ಷದವಳು. ಅವತ್ತಿನಿಂದ ನನ್ನ ತಲೆ ಬಾಚಿದ್ದು, ಜ್ವರ ಬಂದಾಗ ಎದೆಗೆ ಅವುಚಿಕೊಂಡದ್ದು ಎಲ್ಲ ಅವಳೇ. ಅವ್ವ ಕೆಟ್ಟವಳಲ್ಲ, ತುತ್ತಿಗೆ ಎಂದೂ ಭೇದ ಮಾಡಿದವಳಲ್ಲ. ಆದರೆ ಹಬ್ಬ ಬಂತೆಂದರೆ ಅವ್ವನ ಕಣ್ಣು ಅತ್ತೆಯ ಕೈಯ ಮೇಲೆ. ಹೂವು, ಕುಂಕುಮ, ದೇವರ ಸಾಮಾನು, ಯಾವುದನ್ನೂ ಆ ಕೈ ಮುಟ್ಟಬಾರದು.

ಆ ವರ್ಷ ಮಹಾನವಮಿಗೆ ನಾಲ್ಕು ದಿನ ಮುಂಚೆ ಅಪ್ಪ ಕಾರಿನ ಗಾಜು, ರಬ್ಬರು ತರಲು ರೈಲು ಹತ್ತಿ ಮದರಾಸಿಗೆ ಹೋದ. ಮಹಾನವಮಿಯ ದಿನ ಆಯುಧ, ಸಾಮಾನು ಪೂಜಿಸುವ ಖಂಡೇಪೂಜೆಯೆಂದರೆ ನಮ್ಮಂಥವರಿಗೆ ದೊಡ್ಡ ಹಬ್ಬ. ಮನೆಯ ಒಂದೊಂದು ಕಬ್ಬಿಣವೂ ತೊಳೆದು ಹೊಳೆಯಬೇಕು. ಪೂಜೆಯ ಹಿಂದಿನ ದಿನ ಬೆಳಿಗ್ಗೆ ಅತ್ತೆ ಮೈಮರೆತು ಹಿತ್ತಾಳೆಯ ದೀಪದ ಕಂಬ ತೆಗೆದುಕೊಂಡು ಹುಣಸೆಹಣ್ಣು ಹಚ್ಚಲು ಕೂತಳು. ಅವ್ವ ಓಡಿ ಬಂದು ಕಸಿದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಹುಣಸೆಯ ಕೈಯನ್ನು ಸೀರೆಗೆ ಒರೆಸಿಕೊಂಡು ಬೇವಿನ ಮರದ ಬುಡದಲ್ಲಿ ಹೋಗಿ ಕೂತಳು. ಇಡೀ ಓಣಿಯಲ್ಲಿ ಹೆಂಗಸರ ಕೈಗೆ ಬಿಡುವಿಲ್ಲದ ದಿನ ಅವಳೊಬ್ಬಳು ಸುಮ್ಮನೆ ಕೂತಿದ್ದಳು. ನಾನು ಓಡಿಹೋಗಿ ಅವಳ ಹೆಗಲಿಗೆ ಜೋತುಬಿದ್ದೆ.

"ಅತ್ತೀ, ಕಾರಿನ ಸಾಮಾನು ನೀ ತಿಕ್ಕು. ಎಲ್ಲಾ ಕಬ್ಬಿಣನ ಅಲ್ಲೇನು?"

"ನಿಮ್ಮಪ್ಪ ಏನರ ಅಂದಾನವ್ವಾ. ಗುರ್ತು ಹಾಕ್ಯಾನ ಅದಕ್ಕ."

"ಅಪ್ಪನ ಹೇಳ್ಯಾನ ತಿಕ್ಕಾಕ. ಗುರ್ತಿನ ಕೆಲ್ಸ ಮುಗೀತಂತ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅತ್ತೆಯ ಮುಖ ನೋಡಬೇಕಿತ್ತು ನೀವು. ಬೂದಿ, ಸೀಗೆಪುಡಿ, ತೆಂಗಿನ ನಾರು ತಂದು ಇಬ್ಬರೂ ಕೂತೆವು. ಒಂದೊಂದನ್ನೇ ತಿಕ್ಕಿ, ತೊಳೆದು, ತುಕ್ಕು ಹಿಡಿಯದಂತೆ ಬಿಸಿಲಿಗೆ ಒಣಗಿಸಿ ಎಣ್ಣೆ ಸವರಿದಳು. ಹುಡುಗಿಯಾಗಿದ್ದಾಗ ಅಜ್ಜನಿಗೆ ತಿದಿ ಊದಿದ ಕತೆಗಳನ್ನು ಹೇಳಿದಳು, ನಕ್ಕಳು. ಹೊತ್ತು ಇಳಿಯುವಾಗ ಹಿತ್ತಲ ತುಂಬ ಕಾರಿನ ತುಂಡುಗಳು ಮಿಂಚುತ್ತಿದ್ದವು. ಒಂದರ ಮೇಲೂ ಒಂದು ಚುಕ್ಕೆ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಗಾಜನ್ನು ಕಂಬಳಿಯಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ಬಂದ. ಪೂಜೆಗೆಂದು ಸಾಮಾನೆಲ್ಲ ಕುಲುಮೆಯಲ್ಲಿ ಹರವಿತ್ತು. ಒಂದು ವಾಲ್ವು ಎತ್ತಿ ತಿರುಗಿಸಿದ. ಇನ್ನೊಂದು ಎತ್ತಿದ. ಆಮೇಲೆ ಎರಡೂ ಕೈಯಿಂದ ಎಲ್ಲವನ್ನೂ ಕೆದಕತೊಡಗಿದ. ಅವನ ಬಾಯಿಂದ ಬಂದ ದನಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಯಾರು ತಿಕ್ಕಿದ್ರಿದನ್ನ? ಯಾರು ತಿಕ್ಕಾಕ ಹೇಳಿದ್ರು?"

ಅತ್ತೆ ನನ್ನ ಕಡೆ ನೋಡಿದಳು. ನಾನು ಕಾಲಿನ ಬೆರಳು ನೋಡುತ್ತ ಹೇಳಿದೆ:

"ನಾ ಏನೂ ಹೇಳಿಲ್ಲಪ್ಪಾ."

ಅತ್ತೆ ನನ್ನಿಂದ ಮುಖ ತಿರುಗಿಸಿ ಅಪ್ಪನಿಗೆ ಹೇಳಿದಳು:

"ನಾನ ತಿಕ್ಕಿದೆ ಅಣ್ಣ. ಹಬ್ಬಲ್ಲೇನು?"

ಅಪ್ಪ ಬಗ್ಗಿ ಅಡಿಗಲ್ಲಿಗೆ ಅಂಗೈ ಅಪ್ಪಳಿಸಿದ. ಅವ್ವ "ಅಯ್ಯೋ, ಕೈ ಇಡಬ್ಯಾಡ್ರಿ" ಎಂದು ಕೂಗುವಷ್ಟರಲ್ಲಿ ಮಾತು ಬಿದ್ದಿತ್ತು.

"ಈ ಕಾರು ಎದ್ದ ದಿನ ಇದರಾಗ ಕುಂದರಿಸ್ಕೊಂಡು ಹೋಗಿ ನಿನ್ನ ಕುರುಗೋಡಿನಾಗ ಬಿಟ್ಟು ಬರ್ತೀನಿ. ಇನ್ನ ಈ ಹೊಸ್ತಲಾ ತುಳಿಯಂಗಿಲ್ಲ ನೀನು."

ಆಮೇಲೆ ಒಂದು ವಾರ, ದೀಪದ ಕಂಬ ಕಸಿದ ಅವ್ವನೇ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದಳು. ಅಪ್ಪ ವಾಲ್ವುಗಳನ್ನು ಒಂದೊಂದು ಕಡೆ ಕೂರಿಸಿ ತೆಗೆದು, ತೆಗೆದು ಕೂರಿಸಿ ಸೋತ. ಎಂಟನೆಯ ದಿನ ಮಧ್ಯಾಹ್ನ, ಅವನು ಮೊಣಕಾಲಿಗೆ ತಲೆಯಿಟ್ಟು ಕೂತಿದ್ದಾಗ, ಅತ್ತೆ ಕಾಡಿಗೆ ಡಬ್ಬಿ ಹಿಡಿದುಕೊಂಡು ಬಂದು ಎದುರಿಗೆ ಕೂತಳು. ನನ್ನ ತಮ್ಮ ತಂಗಿಯರಿಗೆಂದು ದೀಪದ ಮಸಿ ಹಿಡಿದು ಹರಳೆಣ್ಣೆಯಲ್ಲಿ ಕಲೆಸಿ ಅವಳು ತಾನೇ ಮಾಡಿಟ್ಟ ಕಾಡಿಗೆ. ಬೆರಳ ತುದಿಯಲ್ಲಿ ಅದನ್ನು ವಾಲ್ವಿನ ಅಂಚಿಗೆ ಸವರಿ, ಕೋಣೆಯ ಬಾಯಿಗೆ ಇಳಿಸಿ, ಬೀಸುಕಲ್ಲಿನ ಹಾಗೆ ಅರ್ಧ ಸುತ್ತು ತಿರುಗಿಸಿ ಎತ್ತಿದಳು. ಕೆಳಗೆ ಮೂಡಿದ ಕಪ್ಪು ಬಳೆ ಒಂದು ಕಡೆ ಹರಿದಿತ್ತು.

"ಇದಲ್ಲ ಅಣ್ಣ. ಬೀಸೂ ಕಲ್ಲಿಗೆ ಮ್ಯಾಲಿನ ಕಲ್ಲು ಬ್ಯಾರೆ ಮನೀದು ಇಟ್ರ ಹಿಟ್ಟು ಬೀಳತೈತೇನು? ಇನ್ನೊಂದು ಕೊಡು."

ಅಪ್ಪ ಇನ್ನೊಂದು ಕೊಟ್ಟ. ಎಲ್ಲಿಯೂ ಹರಿಯದೆ ಪೂರ್ತಿ ಬಳೆ ಮೂಡುವ ತನಕ ಒಂದೊಂದನ್ನೇ ಹುಡುಕಿದರು. ಜೋಡಿ ತುಂಡುಗಳನ್ನು ಕೂಡಿಸಿ ಅವಳು ಸಂದಿನ ಮೇಲೆ ಉಗುರು ಎಳೆಯುತ್ತಿದ್ದಳು. ಉಗುರು ತಡೆದರೆ ಆ ಜೋಡಿಯಲ್ಲ. ಹದಿನಾರು ದಿನ ಅಣ್ಣ ತಂಗಿ ಎದುರುಬದುರು ಕೂತರು. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಕಾರು ಎದ್ದ ದಿನವೇ ತಾನು ಹೋಗುವ ದಿನ ಎಂದು ಗೊತ್ತಿದ್ದೂ ಅವಳು ಒಂದು ತಾಸು ಮೈಗಳ್ಳತನ ಮಾಡಲಿಲ್ಲ. ನಾನಂತೂ ಒಂದೊಂದು ವಾಲ್ವು ತನ್ನ ಜಾಗದಲ್ಲಿ ಕೂತ ಹಾಗೆ ಒಳಗೊಳಗೇ ಕುಸಿಯುತ್ತ ಹೋದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ದಿನಾ ಬೆಳಿಗ್ಗೆ ಹೇಳುತ್ತೇನೆಂದು ಏಳುತ್ತಿದ್ದೆ. ಅಪ್ಪನ ಮುಖ ಕಂಡ ಕೂಡಲೇ ಕೊಡ ಎತ್ತಿಕೊಂಡು ನೀರಿಗೆ ಹೋಗುತ್ತಿದ್ದೆ. ಆ ಮಾತು ಕಳಚುವ ದಾರಿಯನ್ನು ಅಪ್ಪನೂ ಹುಡುಕುತ್ತಿದ್ದನೆಂದು ನನಗೆ ಆಗಲೇ ಅನ್ನಿಸಿತ್ತು. ಒಂದು ದಿನ ಕೈ ತೊಳೆಯಲು ನೀರು ಹಾಕಿಸಿಕೊಳ್ಳುತ್ತ ಮೆಲ್ಲಗೆ ಕೇಳಿದ:

"ಶಾಂತಿ, ಆವತ್ತು ನಿಮ್ಮತ್ತಿಗೆ ಯಾರರ ಏನರ ಹೇಳಿದ್ರೇನವ್ವಾ? ನಿಮ್ಮವ್ವ ಏನರ ಹೇಳಿದ್ಲಾ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಚೊಂಬಿನ ನೀರು ಅವನ ಕೈಗೆ ಬೀಳುವ ಬದಲು ನನ್ನ ಕಾಲ ಮೇಲೆ ಬಿತ್ತು.

ಕಾರು ಎದ್ದಿತು. ಪಾಚಿ ಹಸಿರು ಮೈ, ಗಾಜಿನ ಕಿಟಕಿ, ಹೊಲಿಗೆ ಬಿಡದ ತೊಗಲಿನ ಸೀಟು. ಹಿಡಿಕೆ ಹಾಕಿ ಅಪ್ಪ ನಾಲ್ಕನೆಯ ಸಲ ತಿರುಗಿಸಿದಾಗ ಅದು ಒಮ್ಮೆ ಕೆಮ್ಮಿ, ಆಮೇಲೆ ಸಣ್ಣಗೆ ಗುನುಗತೊಡಗಿತು. ಓಣಿಯ ಜನ ಚಪ್ಪಾಳೆ ತಟ್ಟಿದರು. ಅಪ್ಪನೊಬ್ಬ ನಗಲಿಲ್ಲ. ಅತ್ತೆ ಒಳಗೆ ಹೋಗಿ ಗಂಟು ಕಟ್ಟಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಅವ್ವ ಬಾಗಿಲಿಗೆ ಬಂದು ಅವಳ ಉಡಿಗೆ ಜೋಳ, ಬೆಲ್ಲ ಹಾಕಿದಳು. ವಿಧವೆಗೆ ಉಡಿ ತುಂಬಬಾರದೆಂಬ ನೇಮ ಅವತ್ತು ಅವ್ವನಿಗೆ ನೆನಪಾಗಲಿಲ್ಲವೋ, ಬೇಕೆಂದೇ ಮರೆತಳೋ ನಾನು ಎಂದೂ ಕೇಳಲಿಲ್ಲ. ನಾನು ಅತ್ತು ರಂಪ ಮಾಡಿ ಕಾರು ಹತ್ತಿದೆ. ಕುರುಗೋಡಿಗೆ ಹೋಗಿ, ಅಲ್ಲಿಂದ ಸಿರುಗುಪ್ಪಕ್ಕೆ ಕಾರು ಒಪ್ಪಿಸಿ, ಬಸ್ಸಿಗೆ ಬರುವುದೆಂದು ಅಪ್ಪ ಹೇಳಿದ.

ಬಳ್ಳಾರಿ ದಾಟಿ ಎರೆಹೊಲಗಳ ನಡುವೆ ಕಾರು ಹೋಗುತ್ತಿತ್ತು. ಹತ್ತಿಗಿಡಗಳು ಆಗಷ್ಟೇ ಹೂ ಬಿಟ್ಟಿದ್ದವು. ಅತ್ತೆ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಕುರುಗೋಡಿನ ಗುಡ್ಡ ಕಾಣಿಸಿದ್ದೇ ತಡ, ನಾನು ಕೂಗಿಬಿಟ್ಟೆ:

"ಅಪ್ಪಾ, ನಾನ ಹೇಳಿದ್ದು! ಅಪ್ಪ ತಿಕ್ಕಾಕ ಹೇಳ್ಯಾನಂತ ನಾನ ಸುಳ್ಳು ಹೇಳಿದೆ. ಅತ್ತಿ ಗುರ್ತು ಐತಿ, ಬ್ಯಾಡಂದಿದ್ಲು. ಅತ್ತಿದೇನೂ ತಪ್ಪಿಲ್ಲಪ್ಪಾ, ತಿರುಗ್ಸು ಕಾರು!"

ಅಪ್ಪ ಕಾರು ನಿಲ್ಲಿಸಿದ. ಹಿಂದಕ್ಕೆ ತಿರುಗಿ ತಂಗಿಯ ಮುಖ ನೋಡಿದ. ಅವನ ಕಣ್ಣಿನಲ್ಲಿ ಇದ್ದದ್ದು ಆಸೆ. ಈ ಮಾತು ನಿಜವಾಗಿರಲಿ ಎಂಬ ಆಸೆ. ಅಷ್ಟನ್ನು ನಾನು ಅಡಿಗಲ್ಲಿನ ಮೇಲೆ ಕೈಯಿಟ್ಟು ಹೇಳಬಲ್ಲೆ.

"ಹೌದೇನ ಕಾಳವ್ವ?"

ಅತ್ತೆ ನನ್ನ ಜಡೆಯ ತುದಿಗೆ ಗಂಟು ಹಾಕಿ ಮುಗಿಸಿದಳು.

"ಇಲ್ಲಣ್ಣ. ನನ್ನ ಉಳಿಸ್ಕೊಳ್ಳಾಕ ಹುಡುಗಿ ಸುಳ್ಳು ಹೇಳಾಕತ್ತಾಳ. ಹೊಡಿ ಗಾಡಿ, ಹೊತ್ತಾಗತೈತಿ."

ನಾನು ಚೀರಿದೆ, ಅಡಿಗಲ್ಲಿನ ಆಣೆ ಮಾಡಿದೆ, ಸೀಟಿಗೆ ತಲೆ ಚಚ್ಚಿಕೊಂಡೆ. ಚೀರಿದಷ್ಟೂ ಅಪ್ಪನಿಗೆ ಅತ್ತೆಯ ಮಾತೇ ನಿಜವೆನಿಸಿರಬೇಕು. ಅವನು ಮುಖ ಒರೆಸಿಕೊಂಡು ಕಾರು ಹೊರಡಿಸಿದ. ಕುರುಗೋಡಿನ ಮೈದುನನ ಮನೆಯ ಮುಂದೆ ಅವಳನ್ನು ಇಳಿಸಿದೆವು. ಒಳಗಿನಿಂದ ಯಾರೂ ಬನ್ನಿ ಎನ್ನಲಿಲ್ಲ. ಅಪ್ಪ ಕಟ್ಟೆಯ ಹತ್ತಿರ ಮೈದುನನೊಂದಿಗೆ ಮಾತಿಗೆ ನಿಂತಾಗ ನಾನು ಅವಳ ಸೀರೆ ಹಿಡಿದು ಯಾಕತ್ತೀ, ಯಾಕ ಹಂಗಂದಿ ಎಂದು ಕೇಳಿದೆ.

"ನಾ ಹೆಂಗರ ಇರ್ತೀನಿ. ನೀ ನಿಮ್ಮಪ್ಪಗ ಬ್ಯಾಡಾಗದಂಗ ಆ ಮನ್ಯಾಗ ಬೆಳೀಬೇಕಲ್ಲವ್ವಾ."

ಅಷ್ಟು ಹೇಳಿ ಮೇವಿನ ಕೋಣೆಯ ಕಡೆ ಹೋದಳು. ಅಪ್ಪ ವರ್ಷಕ್ಕೊಮ್ಮೆ ಸೀರೆ ಕೊಟ್ಟು ನೋಡಿ ಬರುತ್ತಿದ್ದ. ಅವಳು ನಮ್ಮ ಹೊಸ್ತಿಲು ತುಳಿಯಲಿಲ್ಲ, ನನ್ನ ಮದುವೆಗೂ ಬರಲಿಲ್ಲ. ಅಲ್ಲೇ ಸತ್ತಳು.

ಅವತ್ತು ಸಿರುಗುಪ್ಪದಲ್ಲಿ ಗೌಡರು ಫೋಟೋ ಹಿಡಿದುಕೊಂಡು ಕಾರಿನ ಸುತ್ತ ಮೂರು ಸಲ ತಿರುಗಿದರು. ಬಾಗಿಲು ತೆಗೆದರು, ಹಾಕಿದರು, ತಮ್ಮ ತಂದೆ ಕೂರುತ್ತಿದ್ದ ಕಡೆ ಕೂತು ಕಣ್ಣು ಮುಚ್ಚಿಕೊಂಡರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಇದ್ದ ಹಾಗೆಯೇ ಇದೆ ಎಂದು ಅಪ್ಪನಿಗೆ ಶಾಲು ಹೊದಿಸಿದರು. ಅಪ್ಪ ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. ಮಧ್ಯಾಹ್ನದ ಬಸ್ಸಿನಲ್ಲಿ ನಾವಿಬ್ಬರೂ ಬಳ್ಳಾರಿಗೆ ಹೊರಟೆವು. ಅಪ್ಪ ನನ್ನನ್ನು ಹತ್ತಿರ ಎಳೆದುಕೊಂಡು, ಅತ್ತು ಊದಿಕೊಂಡಿದ್ದ ನನ್ನ ಮುಖವನ್ನು ಆ ಒರಟು ಅಂಗೈಯಿಂದ ಸವರಿದ.

"ಸುಳ್ಳು ಹೇಳಬಾರ್ದವ್ವಾ, ಒಳ್ಳೇದಕ್ಕಾದ್ರೂ. ನಿಮ್ಮತ್ತೀನ ನೋಡು. ತನ್ನ ಮ್ಯಾಲೆ ಬಂದ್ರೂ ಖರೇನ ಹೇಳಿದ್ಲು."

ನಾನು ಹೂಂ ಅಂದೆ.